ಪಾಠ ಒಂದು ಕಡೆ, ಸಾಮಗ್ರಿ ಇನ್ನೊಂದು ಕಡೆ: ಎರಡನ್ನೂ ಜೋಡಿಸಲು ಯಾವ ದಾರಿ ಯಾರಿಗೆ?

ಎನ್‌ಸಿಇಆರ್‌ಟಿಯ 7ನೇ ತರಗತಿ ವಿಜ್ಞಾನ ಪುಸ್ತಕದ 10ನೇ ಪಾಠ ಯಾವುದು? ಈ ಪ್ರಶ್ನೆಗೆ ಮೂರು ಸರಿ ಉತ್ತರಗಳಿವೆ. ತುಂಬಾ ವರ್ಷ ಅದು ಜೀವಿಗಳ ಉಸಿರಾಟದ ಪಾಠವಾಗಿತ್ತು. 2022ರಲ್ಲಿ ಪಠ್ಯಕ್ಕೆ ಕತ್ತರಿ ಬಿತ್ತು. 18 ಪಾಠಗಳು 13 ಆದವು. ಮಣ್ಣು, ಚಂಡಮಾರುತ, ನೀರಿನ ಪಾಠಗಳೆಲ್ಲ ಹೋದವು. ಉಸಿರಾಟ 6ನೇ ಜಾಗಕ್ಕೆ ಬಂತು, 10ನೇ ಜಾಗದಲ್ಲಿ ವಿದ್ಯುತ್ ಕೂತಿತು. 2025ರಲ್ಲಿ ಪುಸ್ತಕವೇ ಹೊಸದು ಬಂತು. ಅದರಲ್ಲಿ 10ನೆಯದು ಸಸ್ಯಗಳ ಜೀವಕ್ರಿಯೆಗಳ ಪಾಠ.

ಈಗ ಒಬ್ಬರು ಉಸಿರಾಟದ ಬಗ್ಗೆ ಒಳ್ಳೆಯ ಕನ್ನಡ ವಿಡಿಯೊ ಮಾಡಿ, ಅದಕ್ಕೆ ‘7-ವಿಜ್ಞಾನ-10’ ಅಂತ ಗುರುತು ಹಾಕಿದ್ದರು ಅಂದುಕೊಳ್ಳಿ. ವಿಡಿಯೊ ಇಂದಿಗೂ ಚೆನ್ನಾಗಿದೆ. ಗುರುತು ಮಾತ್ರ ಎರಡು ಸಲ ಸುಳ್ಳಾಗಿದೆ. ವಿದ್ಯುತ್ ಪಾಠ ಹುಡುಕಿ ಬಂದ ಟೀಚರ್‌ಗೆ ಶ್ವಾಸಕೋಶ ಸಿಗುತ್ತದೆ!

ಹೀಗಾಗಬಾರದು ಅಂದರೆ ಪಠ್ಯಕ್ರಮವನ್ನೂ ಕಲಿಕಾ ಸಾಮಗ್ರಿಯನ್ನೂ ಯಂತ್ರಕ್ಕೂ ಓದಲು ಬರುವ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಮಾಹಿತಿಯಾಗಿ ಜೋಡಿಸಬೇಕು. ಅದಕ್ಕೆ ದಾರಿ ಒಂದೇ ಇಲ್ಲ. ಶಾಲಾ ಪಾಠಗಳ ಸರ್ಕಾರಿ ವೇದಿಕೆ ದೀಕ್ಷಾ ಇದೆ, ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ದತ್ತಕೋಶ ವಿಕಿಡೇಟಾ ಇದೆ, ವೆಬ್ ಪುಟದ ವಿವರವನ್ನು ಯಂತ್ರಕ್ಕೆ ಹೇಳುವ ಪದಕೋಶ ಸ್ಕೀಮಾ.ಆರ್ಗ್ ಇದೆ, ಪಠ್ಯಕ್ರಮದ ಸಾಲುಗಳಿಗೆ ಗುರುತು ಕೊಡುವ ಕೇಸ್ ಅನ್ನುವ ಮಾನದಂಡ ಇದೆ, ಎಲ್ಲಕ್ಕಿಂತ ಮೊದಲು ನಮ್ಮ ಎಕ್ಸೆಲ್ ಹಾಳೆ ಇದೆ. ಶಿಕ್ಷಕರ ಬಳಗ, ಸಣ್ಣ ಸಂಸ್ಥೆ, ಮಕ್ಕಳಿಗೆ ವಿಡಿಯೊ ಮಾಡುವವರು, ವಿಕಿಪೀಡಿಯದಲ್ಲಿ ಬರೆಯುವವರು, ಇಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಹೋಲಿಕೆ ಬರೆದಿದ್ದೇನೆ.

ಆಯ್ಕೆಗೆ ಮೊದಲು: ಯಾವುದಕ್ಕೆ ಕೊಂಡಿ ಹಾಕುತ್ತಿದ್ದೀರಿ?

‘ಪಠ್ಯಕ್ರಮಕ್ಕೆ ಜೋಡಿಸುತ್ತೇವೆ’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ಪುಸ್ತಕದ ಪಾಠ. ಎರಡು, ಪಾಠದೊಳಗಿನ ಪರಿಕಲ್ಪನೆ. ಮೂರು, ಕಲಿಕಾ ಫಲ, ಅಂದರೆ ಪಾಠ ಮುಗಿದ ಮೇಲೆ ಮಗುವಿಗೆ ಏನು ಮಾಡಲು ಬರಬೇಕು ಅನ್ನೋದು.

ವ್ಯತ್ಯಾಸ ನೋಡಬೇಕಾದರೆ ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಕಲಿಕಾ ಫಲಗಳ ಪಟ್ಟಿ ತೆಗೆಯಿರಿ. 7ನೇ ತರಗತಿ ವಿಜ್ಞಾನದಲ್ಲಿ ಒಂದು ಸಾಲಿದೆ. ಮಗು ತನ್ನ ಪ್ರಶ್ನೆಗೆ ಉತ್ತರ ಹುಡುಕಲು ಸರಳ ಪ್ರಯೋಗ ಮಾಡಬೇಕು ಅನ್ನುತ್ತದೆ ಅದು. ಉದಾಹರಣೆಗೆ ಕೊಟ್ಟಿರುವ ಪ್ರಶ್ನೆಗಳು: ಬಣ್ಣದ ಹೂವಿನ ರಸದಿಂದ ಆಮ್ಲ-ಪ್ರತ್ಯಾಮ್ಲ ಗುರುತಿಸಬಹುದಾ? ಹಸಿರಲ್ಲದ ಬಣ್ಣದ ಎಲೆಗಳೂ ದ್ಯುತಿಸಂಶ್ಲೇಷಣೆ ಮಾಡುತ್ತವಾ?

ಈ ಸಾಲು ಯಾವ ಪಾಠದ್ದು? ಯಾವುದೋ ಒಂದರದ್ದಲ್ಲ, ಸುಮಾರು ಪಾಠಗಳಲ್ಲಿ ಹರಡಿಕೊಂಡಿದೆ. ಯಾವ ಪರಿಕಲ್ಪನೆ? ಅದೂ ಒಂದಲ್ಲ. ಇಲ್ಲಿ ಮುಖ್ಯವಾದದ್ದು ‘ಪ್ರಯೋಗ ಮಾಡಿ ನೋಡೋದು’. ದ್ಯುತಿಸಂಶ್ಲೇಷಣೆಯ ಬಗ್ಗೆ ಅರ್ಧ ಗಂಟೆ ಭಾಷಣದ ವಿಡಿಯೊ ಮಾಡಿದರೆ ಪರಿಕಲ್ಪನೆ ಹೊಂದುತ್ತದೆ, ಕಲಿಕಾ ಫಲ ಹೊಂದುವುದಿಲ್ಲ. ಕೆಂಪು ಹರಿವೆ ಎಲೆ ತಂದು ಅಯೋಡಿನ್ ಹಾಕಿ ನೋಡುವ ಒಂದು ಪುಟದ ಚಟುವಟಿಕೆ ಎರಡಕ್ಕೂ ಹೊಂದುತ್ತದೆ.

ಹಾಗಾಗಿ ಸಾಧನ ಯಾವುದು ಅನ್ನೋದು ಎರಡನೇ ಪ್ರಶ್ನೆ. ಮೊದಲನೆಯದು, ಕೊಂಡಿಯ ಆ ತುದಿಯಲ್ಲಿ ಏನಿದೆ, ಅದಕ್ಕೆ ಬದಲಾಗದ ಗುರುತು ಯಾರು ಕೊಡುತ್ತಾರೆ ಅನ್ನೋದು. ಮುಂದೆ ಹೇಳುವ ದಾರಿಗಳು ಬೇರೆಯಾಗುವುದೇ ಇಲ್ಲಿ. ದೀಕ್ಷಾ ಪುಸ್ತಕದ ಪಾಠವನ್ನು ಹಿಡಿಯುತ್ತದೆ, ವಿಕಿಡೇಟಾ ಪರಿಕಲ್ಪನೆಯನ್ನು, ಕೇಸ್ ಕಲಿಕಾ ಫಲವನ್ನು. ಸ್ಕೀಮಾ.ಆರ್ಗ್ ಹಿಡಿಯುವುದು ನಿಮ್ಮ ವೆಬ್ ಪುಟವನ್ನು.

ದೀಕ್ಷಾ: ಮಕ್ಕಳ ಕೈಗೆ ತಲುಪುವುದೇ ಮುಖ್ಯವಾದರೆ

2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ ಶುರುವಾದದ್ದು ದೀಕ್ಷಾ. ಇದರ ಹಿಂದಿರುವ ಸಾಫ್ಟ್‌ವೇರ್ ಸನ್‌ಬರ್ಡ್. ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್‌ನಲ್ಲಿ ತಯಾರಾದದ್ದು, ಅದರ ಕೋಡ್ ಯಾರು ಬೇಕಾದರೂ ತೆಗೆದುಕೊಂಡು ಬಳಸುವಂತೆ ಮುಕ್ತವಾಗಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವ ಕ್ಯೂಆರ್ ಕೋಡ್, ಅದರ ಜೊತೆ ಇರುವ 6 ಅಕ್ಷರದ ಸಂಕೇತ, ಎರಡೂ ದೀಕ್ಷಾದ್ದೇ.

ಒಳಗಿನ ಜೋಡಣೆ ಸರಳ. ಮಂಡಳಿ, ಮಾಧ್ಯಮ, ತರಗತಿ, ವಿಷಯ, ಈ ನಾಲ್ಕು ಮೆಟ್ಟಿಲು. ಆಮೇಲೆ ಪುಸ್ತಕ ಅನ್ನೋದೇ ಒಂದು ಮರ. ಪಾಠಗಳು ಕೊಂಬೆ, ವಿಡಿಯೊ ಮತ್ತು ಅಭ್ಯಾಸ ಹಾಳೆಗಳು ಎಲೆ. ಕ್ಯೂಆರ್ ಕೋಡ್ ಕೊಂಬೆಗೆ ಅಂಟಿಕೊಂಡಿರುತ್ತದೆ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವ ಸಂಗತಿ ಏನು ಗೊತ್ತಾ? ಪುಸ್ತಕ ಅಚ್ಚಾಗಿ ಮಕ್ಕಳ ಚೀಲ ಸೇರಿದ ಮೇಲೂ ಕೋಡ್‌ನ ಹಿಂದಿರುವ ಸಾಮಗ್ರಿಯನ್ನು ಬದಲಾಯಿಸಬಹುದು. ಹಳೆಯ ವಿಡಿಯೊ ತೆಗೆದು ಒಳ್ಳೆಯದನ್ನು ಹಾಕಬಹುದು. ಕಾಗದದ ಮೇಲಿನ ಗುರುತು ಹಾಗೇ ಇರುತ್ತದೆ, ಅದು ತೋರಿಸುವುದು ಬೇರೆಯಾಗುತ್ತದೆ. ಗುರುತನ್ನೂ ವಸ್ತುವನ್ನೂ ಬೇರೆ ಬೇರೆ ಇಡಬೇಕು ಅನ್ನುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮ್ಮ ಸುತ್ತ ಇಲ್ಲ.

ತೊಂದರೆಯೂ ಅಲ್ಲೇ ಇದೆ. ಕೊಂಡಿ ಇರುವುದು ಪುಸ್ತಕಕ್ಕೆ. ಪುಸ್ತಕ ಹೋದರೆ ಆ ಮರವೂ ಹೋಯಿತು, ಹೊಸ ಪುಸ್ತಕಕ್ಕೆ ಮತ್ತೆ ಮೊದಲಿಂದ ಕಟ್ಟಬೇಕು. ಕರ್ನಾಟಕದಲ್ಲಿ 2022ರಲ್ಲೊಮ್ಮೆ, 2023ರಲ್ಲಿ ಮತ್ತೊಮ್ಮೆ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳಲ್ಲಿ ಪಾಠಗಳು ಹೋಗಿ ಬಂದು ಮಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು: ಹೊರಗಿನವರು ಕಳಿಸಿದ ಸಾಮಗ್ರಿಯನ್ನು ಅಧಿಕೃತವಾಗಿ ಪರಿಶೀಲಿಸಿ ಒಪ್ಪಿದ ಮೇಲೆಯೇ ಅದು ಪುಸ್ತಕದ ಪಕ್ಕ ಕಾಣುವುದು. ಅದು ಇರಬೇಕಾದದ್ದೇ, ಆದರೆ ನಿಮ್ಮ ಸಮಯ ನಿಮ್ಮ ಕೈಯಲ್ಲಿ ಇರುವುದಿಲ್ಲ.

‘ಕೋಡ್ ಮುಕ್ತ ಅಲ್ವಾ, ನಾವೇ ಸನ್‌ಬರ್ಡ್ ಹಾಕಿಕೊಳ್ಳೋಣ’ ಅನ್ನುವವರಿಗೆ ಒಂದು ಎಚ್ಚರಿಕೆ. ಇದು ಒಂದು ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಹಾಕಿ ನೋಡುವ ಸಾಫ್ಟ್‌ವೇರ್ ಅಲ್ಲ. ಹತ್ತಾರು ಸೇವೆಗಳು ಒಟ್ಟಿಗೆ ಓಡಬೇಕು, ಅದನ್ನು ನೋಡಿಕೊಳ್ಳಲು ಗೊತ್ತಿರುವ ತಂಡ ಬೇಕು. ಜಿಲ್ಲಾ ಮಟ್ಟದ ಬಳಗಕ್ಕೆ ಇದು ಬೇಡ.

ವಿಕಿಡೇಟಾ: ಪರಿಕಲ್ಪನೆಗೆ ಸಿಗುವ ಗಟ್ಟಿ ನಂಬರ್

2012ರ ಅಕ್ಟೋಬರ್ 29ರಂದು ಶುರುವಾದ ವಿಕಿಡೇಟಾದಲ್ಲಿ ಪ್ರತಿಯೊಂದು ಸಂಗತಿಗೂ ಕ್ಯೂ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇರುತ್ತದೆ. ದ್ಯುತಿಸಂಶ್ಲೇಷಣೆಯ ನಂಬರ್ ಕ್ಯೂ11982. ಪುಸ್ತಕ ಬದಲಾಗಲಿ, ಪಾಠದ ಹೆಸರು ಬದಲಾಗಲಿ, ತರಗತಿ 7 ಹೋಗಿ 6 ಆಗಲಿ, ಈ ನಂಬರ್ ಅಲ್ಲಾಡುವುದಿಲ್ಲ. ಒಂದೇ ಸಂಗತಿಗೆ ಎರಡು ನಂಬರ್ ಆಗಿಬಿಟ್ಟಿದ್ದರೆ ಅವನ್ನು ಸೇರಿಸುತ್ತಾರೆ. ಆಗಲೂ ಹಳೆಯ ನಂಬರ್ ಹೊಸದಕ್ಕೆ ದಾರಿ ತೋರಿಸುತ್ತದೆ.

ಇದರ ಲಾಭ ಕನ್ನಡದವರಿಗೆ ಸ್ವಲ್ಪ ಜಾಸ್ತಿಯೇ ಇದೆ. ಒಂದು ನಂಬರ್ ಹಿಡಿದರೆ ಕನ್ನಡ ವಿಕಿಪೀಡಿಯದ ಲೇಖನ, ಹಿಂದಿಯದು, ತೆಲುಗಿನದು, ವಿಕಿಮೀಡಿಯ ಕಾಮನ್ಸ್ ಅನ್ನುವ ಮುಕ್ತ ಸಂಗ್ರಹದ ಚಿತ್ರಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ತಿರುವಿ ನೋಡಿದರೆ ಇನ್ನೂ ಚೆನ್ನ. 7ನೇ ತರಗತಿ ವಿಜ್ಞಾನದ ಪರಿಕಲ್ಪನೆಗಳ ನಂಬರ್‌ಗಳನ್ನೆಲ್ಲ ಒಂದು ಪಟ್ಟಿ ಮಾಡಿ, ‘ಇವುಗಳಲ್ಲಿ ಯಾವುದಕ್ಕೆ ಕನ್ನಡ ಲೇಖನ ಇಲ್ಲ?’ ಅಂತ ಕೇಳಬಹುದು. ಸ್ಪಾರ್ಕಲ್ ಅನ್ನುವ ಪ್ರಶ್ನಾಭಾಷೆಯಲ್ಲಿ ಕೆಲವೇ ಸಾಲು ಬರೆದರೆ ಉತ್ತರ ಬರುತ್ತದೆ. ಎಲ್ಲಿ ಲೇಖನ ಇಲ್ಲವೋ, ಎಲ್ಲಿ ಕನ್ನಡ ಹೆಸರೂ ಇಲ್ಲವೋ, ಅಲ್ಲಿಂದ ಕೆಲಸ ಶುರು ಮಾಡಬಹುದು. ಕನ್ನಡ ಹೆಸರು ಇಲ್ಲದಿದ್ದರೆ ಅದನ್ನು ಸೇರಿಸಲು ಯಾರ ಅಪ್ಪಣೆಯೂ ಬೇಡ. ಶಿಕ್ಷಕರ ಬಳಗವೂ ವಿಕಿಪೀಡಿಯದ ಬಳಗವೂ ಒಟ್ಟಿಗೆ ಕೂತು ಮಾಡಬಹುದಾದ ಕೆಲಸ ಇದು. ಈ ಪಟ್ಟಿಯೊಂದಕ್ಕೇ ವಿಕಿಡೇಟಾ ಬಳಸಿದರೂ ನಷ್ಟವಿಲ್ಲ ಅನ್ನುತ್ತೇನೆ.

ಹಾಗಂತ ಎಲ್ಲವನ್ನೂ ಅಲ್ಲಿಗೆ ತುಂಬಲು ಹೋಗಬೇಡಿ. ಕಾರಣ ಹೇಳುತ್ತೇನೆ.

ನಿಮ್ಮ ವರ್ಕ್‌ಶೀಟ್ ಒಂದೊಂದಕ್ಕೂ ವಿಕಿಡೇಟಾದಲ್ಲಿ ಪುಟ ಮಾಡುವಂತಿಲ್ಲ. ಯಾವುದಕ್ಕೆ ಅಲ್ಲಿ ಜಾಗ ಇದೆ ಅನ್ನುವುದಕ್ಕೆ ನಿಯಮಗಳಿವೆ. ಅದಕ್ಕಿಂತ ಮುಖ್ಯವಾಗಿ, ವಿಕಿಡೇಟಾದ ಮಾಹಿತಿಯೆಲ್ಲ ಸಿಸಿ0 ಪರವಾನಗಿಯಲ್ಲಿದೆ. ಅಂದರೆ ಯಾವ ಷರತ್ತೂ ಇಲ್ಲ, ಹೆಸರು ಹೇಳಬೇಕೆಂಬುದೂ ಇಲ್ಲ. ಸರ್ಕಾರಿ ಸಂಸ್ಥೆಯೊಂದು ಬರೆದ ಕಲಿಕಾ ಫಲದ ಪೂರ್ತಿ ಸಾಲುಗಳನ್ನು ತಂದು ಅಲ್ಲಿ ಸುರಿದರೆ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ. ನೀವು ಬರೆಯದ್ದನ್ನು ನೀವು ಹೇಗೆ ಬಿಟ್ಟುಕೊಡುತ್ತೀರಿ?

ಇನ್ನು ಪಾಠಕ್ಕೂ ಪರಿಕಲ್ಪನೆಗೂ ಒಂದಕ್ಕೊಂದು ಲೆಕ್ಕ ಕೂರುವುದಿಲ್ಲ. ಉಸಿರಾಟದ ಪಾಠವನ್ನೇ ನೋಡಿ. ಗಾಳಿ ಒಳಗೆ ಹೋಗಿ ಹೊರಗೆ ಬರುವುದು ಒಂದು ಸಂಗತಿ. ಜೀವಕೋಶದಲ್ಲಿ ಆಹಾರ ವಿಭಜನೆಯಾಗಿ ಶಕ್ತಿ ಬರುವುದು ಇನ್ನೊಂದು. ವಿಕಿಡೇಟಾದಲ್ಲಿ ಅವೆರಡೂ ಬೇರೆ ಬೇರೆ. ಪಾಠದ ಹೆಸರು ಹಾಕಿ ಹುಡುಕಿ, ಮೊದಲು ಸಿಕ್ಕ ನಂಬರ್ ಹಾಕಿಕೊಂಡರೆ ಅರ್ಧ ಪಾಠ ತಪ್ಪಿಹೋಗುತ್ತದೆ. ಒಂದು ಪಾಠಕ್ಕೆ ಮೂರು ನಾಲ್ಕು ನಂಬರ್ ಬರುವುದು ಮಾಮೂಲಿ.

ಸ್ಕೀಮಾ.ಆರ್ಗ್: ನಿಮ್ಮದೇ ವೆಬ್‌ಸೈಟ್ ಇದ್ದರೆ

ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಶುರು ಮಾಡಿದ ಪದಕೋಶ ಇದು. ವೆಬ್ ಪುಟದ ಒಳಗೆ, ಓದುಗರ ಕಣ್ಣಿಗೆ ಬೀಳದಂತೆ, ‘ಇದು ಚಟುವಟಿಕೆ, 12-13 ವಯಸ್ಸಿನವರಿಗೆ, ಕನ್ನಡದಲ್ಲಿದೆ, ಮುಗಿಸಲು ಅರ್ಧ ಗಂಟೆ ಬೇಕು, ಪರವಾನಗಿ ಇಂಥದ್ದು’ ಅಂತ ಯಂತ್ರಕ್ಕೆ ಹೇಳುವ ಸಾಲುಗಳು. ಕಲಿಕಾ ಸಾಮಗ್ರಿಗೆ ಬೇಕಾದ ಪದಗಳನ್ನು ಎಲ್‌ಆರ್‌ಎಂಐ ಅನ್ನುವ ಯೋಜನೆ ರೂಪಿಸಿತು, 2013ರಲ್ಲಿ ಅವು ಸ್ಕೀಮಾ.ಆರ್ಗ್ ಒಳಗೆ ಸೇರಿದವು.

ಇದರಲ್ಲಿ ಕದಿಯಬೇಕಾದ ಒಂದು ಒಳ್ಳೆಯ ಯೋಚನೆ ಇದೆ. ಸಾಮಗ್ರಿಗೂ ಪಠ್ಯಕ್ರಮಕ್ಕೂ ಇರುವ ಸಂಬಂಧ ಯಾವ ಬಗೆಯದು ಅಂತ ಹೇಳಬೇಕು. ಕಲಿಸುತ್ತದಾ? ಪರೀಕ್ಷಿಸುತ್ತದಾ? ಅಥವಾ ಇದನ್ನು ನೋಡುವ ಮೊದಲೇ ಅದು ಗೊತ್ತಿರಬೇಕಾ? ನಮ್ಮಲ್ಲಿ ಬಹಳ ಕಡೆ ‘ಸಂಬಂಧಿತ’ ಅನ್ನುವ ಒಂದೇ ಡಬ್ಬಿಗೆ ಎಲ್ಲವನ್ನೂ ಹಾಕಿಬಿಡುತ್ತಾರೆ. ಆಮೇಲೆ ಘಟಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹುಡುಕುವ ಟೀಚರ್‌ಗೆ ಕಾರ್ಟೂನ್ ಸಿಗುತ್ತದೆ.

ಆದರೆ ಇಲ್ಲೊಂದು ತೂತು ಇದೆ. ಯಾವ ಕಲಿಕಾ ಫಲಕ್ಕೆ ಹೊಂದುತ್ತದೆ ಅಂತ ಹೇಳಲು ಆ ಫಲಕ್ಕೆ ಒಂದು ವೆಬ್ ವಿಳಾಸ ಇದ್ದರೆ ಚೆನ್ನ. ನಮ್ಮ ಕಲಿಕಾ ಫಲಗಳು ಓದಲು ಸಿಗುವುದು ಹೆಚ್ಚಾಗಿ ಪಿಡಿಎಫ್‌ನಲ್ಲಿ. ಪಿಡಿಎಫ್‌ನ ನಡುವಿನ ಒಂದು ಸಾಲಿಗೆ ವಿಳಾಸ ಎಲ್ಲಿಂದ ತರುತ್ತೀರಿ? ಕೊಂಡಿ ಇದೆ, ಸಿಕ್ಕಿಸಲು ಮೊಳೆ ಇಲ್ಲ.

ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅನ್ನುವ ಆಸೆಗೆ ಇದನ್ನು ಮಾಡುವವರೂ ಇದ್ದಾರೆ. ಆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಕಲಿಕಾ ವಿಡಿಯೊಗಳಿಗೆ ಹುಡುಕಾಟದಲ್ಲಿ ಕೊಡುತ್ತಿದ್ದ ವಿಶೇಷ ರೂಪವನ್ನು ಕೈಬಿಡುವುದಾಗಿ ಗೂಗಲ್ 2025ರಲ್ಲಿ ಹೇಳಿತು. ಬೇರೆ ಪೋರ್ಟಲ್‌ಗಳು ನಿಮ್ಮ ಸಾಮಗ್ರಿಯನ್ನು ಸುಲಭವಾಗಿ ಎತ್ತಿಕೊಳ್ಳಲಿ ಅನ್ನುವುದು ಇದನ್ನು ಮಾಡಲು ಸರಿಯಾದ ಕಾರಣ.

ಕೇಸ್: ಪಠ್ಯಕ್ರಮ ನಿಮ್ಮ ಕೈಯಲ್ಲೇ ಇದ್ದರೆ

ಮೇಲೆ ಹೇಳಿದ ಮೊಳೆ ಹೊಡೆಯುವ ಕೆಲಸ ಇದರದ್ದು. ಐಎಂಎಸ್ ಗ್ಲೋಬಲ್ ಅನ್ನುವ ಸಂಸ್ಥೆ 2017ರಲ್ಲಿ ಹೊರತಂದ ಮಾನದಂಡ. ಸಂಸ್ಥೆಯ ಹೆಸರು ಈಗ 1ಎಡ್‌ಟೆಕ್. ಪಠ್ಯಕ್ರಮದ ಪ್ರತಿ ಸಾಲಿಗೂ ಜಗತ್ತಿನಲ್ಲಿ ಬೇರೆಲ್ಲೂ ಇರದ ಒಂದು ಉದ್ದ ಗುರುತು ಸಿಗುತ್ತದೆ. ಸಾಲು ಸಾಲಿನ ನಡುವೆ ಸಂಬಂಧ ಬರೆಯಬಹುದು: ಇದು ಅದರ ಭಾಗ, ಇದು ಅದಕ್ಕಿಂತ ಮೊದಲು ಬರಬೇಕು, ಇದೂ ಅದೂ ಒಂದೇ, ಇದರ ಬದಲು ಈಗ ಅದು ಬಂದಿದೆ. ಕೊನೆಯದು ಎಷ್ಟು ಮುಖ್ಯ ಅಂತ ಆ 10ನೇ ಪಾಠದ ಕಥೆ ಓದಿದವರಿಗೆ ಗೊತ್ತು. ಅಮೆರಿಕದ ಟೆಕ್ಸಸ್ ಮತ್ತು ಜಾರ್ಜಿಯಾ ರಾಜ್ಯಗಳು ತಮ್ಮ ಪಠ್ಯಕ್ರಮವನ್ನು ಈ ರೂಪದಲ್ಲಿ ಕೊಡುತ್ತವೆ. ಪಠ್ಯಕ್ರಮ ತುಂಬಿಸಲು ಓಪನ್‌ಸಾಲ್ಟ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ.

ಇದನ್ನು ಯಾರು ಮಾಡಬೇಕು? ಪಠ್ಯಕ್ರಮ ಬರೆಯುವವರೇ ಮಾಡಬೇಕು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಯಂಥ ಸಂಸ್ಥೆಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಹೊರಗಿನ ಬಳಗವೊಂದು ತಾನೇ ಗುರುತು ಕೊಟ್ಟರೆ, ಪಕ್ಕದ ಬಳಗ ಅದೇ ಸಾಲಿಗೆ ಇನ್ನೊಂದು ಗುರುತು ಕೊಡುತ್ತದೆ. ಎರಡೂ ತಾಂತ್ರಿಕವಾಗಿ ಸರಿ, ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ.

ನಾರ್ವೆಯವರು ಇದನ್ನು ಬೇರೆ ಹೆಸರಿನಲ್ಲಿ, ಸರ್ಕಾರದಿಂದಲೇ ಮಾಡಿಸಿದ್ದಾರೆ. ಅಲ್ಲಿನ ಶಿಕ್ಷಣ ನಿರ್ದೇಶನಾಲಯ ಗ್ರೆಪ್ ಅನ್ನುವ ದತ್ತಕೋಶ ನಡೆಸುತ್ತದೆ. 2020ರಿಂದ ಜಾರಿಯಾದ ಪಠ್ಯಕ್ರಮದ ಪ್ರತಿ ಕಲಿಕಾ ಗುರಿಗೂ ಅಲ್ಲಿ ಒಂದು ಕೋಡ್ ಇದೆ, ಯಾರು ಬೇಕಾದರೂ ಅದನ್ನು ಎತ್ತಿ ಬಳಸಬಹುದು. ಹಳೆಯ ಗುರಿಯನ್ನು ಅಳಿಸುವುದಿಲ್ಲ, ಅವಧಿ ಮುಗಿದಿದೆ ಅಂತ ಗುರುತು ಹಾಕುತ್ತಾರೆ. ಪಿಯುಸಿ ಮಟ್ಟದ ಮಕ್ಕಳಿಗೆ ಉಚಿತ ಸಾಮಗ್ರಿ ಮಾಡುವ ಎನ್‌ಡಿಎಲ್‌ಎ ಅನ್ನುವ ಸಾರ್ವಜನಿಕ ಸಂಸ್ಥೆ ತನ್ನ ಪುಟಗಳಿಗೆ ಇದೇ ಕೋಡ್ ಹಾಕುತ್ತದೆ. ಪಠ್ಯಕ್ರಮದವರು ಒಂದು ಮನೆ, ಸಾಮಗ್ರಿಯವರು ಇನ್ನೊಂದು ಮನೆ. ನಡುವೆ ಇರುವುದು ಒಂದು ಕೋಡ್ ಮಾತ್ರ. ಆಸ್ಟ್ರೇಲಿಯಾದ ಪಠ್ಯಕ್ರಮ ಸಂಸ್ಥೆಯೂ ಯಂತ್ರ ಓದಬಲ್ಲ ಪಠ್ಯಕ್ರಮವನ್ನು ಹೀಗೇ ಮುಕ್ತವಾಗಿ ಇಟ್ಟಿದೆ.

ಎಕ್ಸೆಲ್ ಹಾಳೆ: ನಗಬೇಡಿ

ಹತ್ತು ಹದಿನೈದು ಜನರ ಬಳಗಕ್ಕೆ ನನ್ನ ಮೊದಲ ಸಲಹೆ ಇದೇ. ಸಾಫ್ಟ್‌ವೇರ್ ಆಮೇಲೆ. ನಮ್ಮ ಶಿಕ್ಷಕರಿಗೆ ಈ ಯೋಚನೆ ಹೊಸದೂ ಅಲ್ಲ. ಕೋವಿಡ್ ನಂತರ ಕರ್ನಾಟಕದ ಶಾಲೆಗಳಲ್ಲಿ ನಡೆದ 2022-23ರ ಕಲಿಕಾ ಚೇತರಿಕೆಯಲ್ಲಿ ಕಲಿಕಾ ಫಲ ನೋಡಿ ಅದಕ್ಕೆ ತಕ್ಕ ಕಲಿಕಾ ಹಾಳೆ ಮಾಡಿಸಿದವರು ಅವರೇ. ಹಾಳೆ ಹೇಗಿರಬೇಕು ಅನ್ನೋದು ಮುಖ್ಯ.

ಮೊದಲ ಹಾಳೆ ಕಲಿಕಾ ಫಲಗಳದ್ದು. ಅದರ ಮೊದಲ ಕಾಲಂ, ಗುರುತು. ಅದರಲ್ಲಿ ತರಗತಿ, ಪಾಠ, ಪುಟ ಯಾವುದನ್ನೂ ತುರುಕಬೇಡಿ. ‘ಕಫ-0413’ (ಕಫ ಅಂದರೆ ಕಲಿಕಾ ಫಲ) ಅಂತ ಅರ್ಥವಿಲ್ಲದ ಸರಣಿ ನಂಬರ್ ಸಾಕು. ಅರ್ಥ ಇರುವ ಗುರುತು ಅರ್ಥ ಬದಲಾದ ದಿನ ಸುಳ್ಳು ಹೇಳುತ್ತದೆ. ಎರಡನೆಯದು, ಕಲಿಕಾ ಫಲದ ಸಾಲು, ಅಕ್ಷರ ಬಿಡದೆ. ಮೂರನೆಯದು, ಅದು ಯಾವ ದಾಖಲೆಯಿಂದ, ಯಾವ ವರ್ಷದ್ದು. ತರಗತಿ ಮತ್ತು ವಿಷಯ ಬೇರೆ ಕಾಲಂಗಳಲ್ಲಿ. ಆಮೇಲೆ ವಿಕಿಡೇಟಾ ನಂಬರ್‌ಗಳು.

ಸಾಮಗ್ರಿಗಳು ಇನ್ನೊಂದು ಹಾಳೆಯಲ್ಲಿರಲಿ: ಹೆಸರು, ಕೊಂಡಿ, ಭಾಷೆ, ಪರವಾನಗಿ. ಮೂರನೆಯ ಹಾಳೆಯಲ್ಲಿ ಜೋಡಣೆ ಮಾತ್ರ: ಈ ಸಾಮಗ್ರಿ, ಈ ಕಲಿಕಾ ಫಲ, ಸಂಬಂಧ ಯಾವ ಬಗೆ, ಯಾರು ನೋಡಿ ಒಪ್ಪಿದರು, ಯಾವತ್ತು. ಒಂದೇ ಹಾಳೆಯಲ್ಲಿ ಎಲ್ಲವನ್ನೂ ಹಾಕಿ, ಒಂದು ಖಾನೆಯಲ್ಲಿ ಅಲ್ಪವಿರಾಮ ಕೊಟ್ಟು ಐದು ಲಿಂಕ್ ತುಂಬುವುದು ನಮ್ಮೆಲ್ಲರ ಅಭ್ಯಾಸ. ಅದೊಂದು ಬಿಟ್ಟರೆ ಅರ್ಧ ತಲೆನೋವು ಹೋಗುತ್ತದೆ.

ಹೀಗಿದ್ದರೆ ನಾಳೆ ಹಾಳೆಯನ್ನು ಸಿಎಸ್‌ವಿ ಅನ್ನುವ ಸರಳ ಪಠ್ಯ ಕಡತ ಮಾಡಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಸರ್ಕಾರ ಮುಂದೆ ಅಧಿಕೃತ ಕೋಡ್ ಕೊಟ್ಟರೆ ಇನ್ನೊಂದು ಕಾಲಂ ಸೇರಿಸಿದರಾಯಿತು, ಜೋಡಣೆ ಹಾಳೆಯನ್ನು ಮುಟ್ಟಬೇಕಿಲ್ಲ. ಹಾಳೆಯ ತೊಂದರೆ ಒಂದೇ: ನೋಡಿಕೊಳ್ಳುವ ಒಬ್ಬರು ಬೇಕು. ಅವರು ವರ್ಗವಾಗಿ ಹೋದರೆ ಹಾಳೆ ಅನಾಥ.

ಹಾಗಾದರೆ ಯಾರಿಗೆ ಯಾವುದು?

ಬಳಗ ಚಿಕ್ಕದಿದ್ದು ಸಾಮಗ್ರಿ ಈಗಷ್ಟೇ ಸೇರಿಸುತ್ತಿದ್ದರೆ ಮೂರು ಹಾಳೆ, ಜೊತೆಗೆ ವಿಕಿಡೇಟಾ ನಂಬರ್. ಇಷ್ಟೇ ಸಾಕು, ಒಂದು ವರ್ಷ ಬೇರೇನೂ ಬೇಡ. ಸ್ವಂತ ವೆಬ್‌ಸೈಟ್ ಇದ್ದು ಅದನ್ನು ನೋಡಿಕೊಳ್ಳುವವರಿದ್ದರೆ ಆ ಹಾಳೆಯಿಂದಲೇ ಸ್ಕೀಮಾ.ಆರ್ಗ್ ಸಾಲುಗಳನ್ನು ಹುಟ್ಟಿಸಿ. ಪುಟ ಪುಟಕ್ಕೂ ಕೈಯಲ್ಲಿ ಬರೆಯಲು ಹೋಗಬೇಡಿ, ಮೂರನೇ ದಿನಕ್ಕೆ ಬೇಸರ ಬರುತ್ತದೆ. ಈ ವರ್ಷದ ಮಕ್ಕಳಿಗೆ ಈ ವರ್ಷವೇ ತಲುಪಬೇಕು ಅನ್ನುವ ಹಟ ಇದ್ದರೆ ದೀಕ್ಷಾ. ಆದರೆ ಮೂಲ ಪ್ರತಿ ಮತ್ತು ಜೋಡಣೆಯ ಹಾಳೆ ನಿಮ್ಮ ಹತ್ತಿರವೇ ಇರಲಿ. ಪುಸ್ತಕ ಬದಲಾದಾಗ ಅದೇ ಕೈ ಹಿಡಿಯುತ್ತದೆ.

‘ಇದನ್ನೆಲ್ಲ ಎಐ ಮಾಡುತ್ತದಲ್ಲ’ ಅನ್ನುವವರಿಗೂ ಒಂದು ಮಾತು. ಕೊಲಿಬ್ರಿ ಅನ್ನುವ ಆಫ್‌ಲೈನ್ ಕಲಿಕಾ ಸಾಫ್ಟ್‌ವೇರ್ ಮಾಡಿದ ಲರ್ನಿಂಗ್ ಈಕ್ವಾಲಿಟಿ ಸಂಸ್ಥೆ 2022ರ ಕೊನೆಯಲ್ಲಿ ಕ್ಯಾಗಲ್ ಅನ್ನುವ ದತ್ತಾಂಶ ಸ್ಪರ್ಧೆಗಳ ಜಾಲತಾಣದಲ್ಲಿ ಒಂದು ಸ್ಪರ್ಧೆ ಇಟ್ಟಿತ್ತು. ಪಠ್ಯಕ್ರಮದ ವಿಷಯಗಳಿಗೆ ಹೊಂದುವ ಸಾಮಗ್ರಿಯನ್ನು ಯಂತ್ರವೇ ಹುಡುಕಬೇಕು, ಹಲವು ಭಾಷೆಗಳಲ್ಲಿ. ಅಂಕ ಕೊಟ್ಟ ರೀತಿ ಗಮನಿಸಿ: ಹೊಂದದ್ದನ್ನು ಒಂದೆರಡು ಹೆಚ್ಚಿಗೆ ತೋರಿಸಿದರೂ ಪರವಾಗಿಲ್ಲ, ಹೊಂದುವುದನ್ನು ಬಿಟ್ಟರೆ ಅಂಕ ಜಾಸ್ತಿ ಹೋಗುತ್ತದೆ. ಯಂತ್ರ ರಾಶಿ ಹಾಕುತ್ತದೆ, ಆರಿಸುವುದು ಟೀಚರ್ ಅನ್ನುವ ಲೆಕ್ಕಕ್ಕೆ ಹೊಂದುವ ಅಂಕ ಇದು. ನಿಮ್ಮ ಹಾಳೆಗೂ ಇದೇ ನಡೆಯುತ್ತದೆ. ಯಂತ್ರ ಸೂಚಿಸಿದ ಜೋಡಣೆಗಳು ‘ಯಾರು ನೋಡಿ ಒಪ್ಪಿದರು’ ಅನ್ನುವ ಕಾಲಂ ಖಾಲಿ ಇಟ್ಟುಕೊಂಡೇ ಬರಲಿ. ಖಾಲಿ ಇರುವಷ್ಟು ದಿನ ಅವನ್ನು ಹೊರಗೆ ತೋರಿಸಬೇಡಿ.

ಹಂಚುವ ಮೊದಲು ಪರವಾನಗಿ ಬರೆಯಿರಿ, ಹಾಳೆಗೂ ಬೇರೆ, ಸಾಮಗ್ರಿಗೂ ಬೇರೆ. ಜೋಡಣೆಯ ಹಾಳೆ ನಿಮ್ಮದೇ ಶ್ರಮ, ಅದನ್ನು ಸಿಸಿ0 ಅಡಿಯಲ್ಲಿ ಬಿಡಬಹುದು. ಕಲಿಕಾ ಫಲದ ಸಾಲುಗಳು ಇರುವ ಹಾಳೆಗೆ ಆ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಮೂಲ ದಾಖಲೆಯ ಹೆಸರು ಮತ್ತು ವರ್ಷ ಕಾಣುವಂತಿರಲಿ. ವಿಡಿಯೊ, ವರ್ಕ್‌ಶೀಟ್‌ಗಳಿಗೆ ಪರವಾನಗಿ ಕೊಡಬೇಕಾದವರು ಅವುಗಳನ್ನು ಮಾಡಿದವರು. ಕೇಳಿ, ಅವರು ಹೇಳಿದ್ದನ್ನು ಆ ಸಾಲಿನ ಎದುರೇ ಬರೆದಿಡಿ.